ಮನೆಯ ಧ್ವನಿಮುದ್ರಣ ಕೊಠಡಿಯಲ್ಲಿ ಮಂದ್ರಸ್ವರಗಳ ಶೋಷಣೆ

ಶಿವಮೊಗ್ಗದ ಹೊಸ ಬಡಾವಣೆಗಳ ಮನೆಗಳಲ್ಲಿ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೊಠಡಿಯು ಅಪರೂಪವಲ್ಲ. ಇಟ್ಟಿಗೆಯ ಗೋಡೆ, ಗಾರೆಯ ಲೇಪ, ಕಾಂಕ್ರೀಟಿನ ತಾರಸಿ, ನುಣುಪುಗಲ್ಲಿನ ನೆಲ. ಇಂಥದೊಂದು ಕೊಠಡಿಯಲ್ಲಿ ಗಾಯಕನೊಬ್ಬನು ಕುಳಿತು ಮಾಯಾಮಾಳವಗೌಳದ ಸ್ವರಗಳನ್ನು ಮಂದ್ರಸ್ಥಾಯಿಗೆ ಇಳಿಸುತ್ತಿರುವನೆಂದು ಭಾವಿಸೋಣ. ಅವನ ಶ್ರುತಿ ಹಾರ್ಮೋನಿಯಂನ ಕಪ್ಪು ಒಂದು. ಎಂದರೆ ಅವನ ಮಧ್ಯಷಡ್ಜವು ಸೆಕೆಂಡಿಗೆ ಸುಮಾರು 138.6 ಕಂಪನಗಳದು. ಷಡ್ಜದಿಂದ ನಿಷಾದಕ್ಕೂ ನಿಷಾದದಿಂದ ಧೈವತಕ್ಕೂ ಇಳಿದು ಪಂಚಮದಲ್ಲಿ ನಿಂತನು. ಕಂಠ ಸಮವಾಗಿಯೇ ಇತ್ತು. ಆದರೆ ಧ್ವನಿಮುದ್ರಣವನ್ನು ಕೇಳಿದಾಗ ಧೈವತವು ಬುಸುಗುಟ್ಟುವ ಹಂಡೆಯಂತೆ ಮೊಳಗುತ್ತದೆ, ನಿಲುಗಡೆಯಾಗಬೇಕಾದ ಪಂಚಮವು ಸೊರಗಿರುತ್ತದೆ. ಕೇಳುವವರು ಗಾಯಕನ ಸ್ವರಸ್ಥಾನಜ್ಞಾನವನ್ನೋ ಉಸಿರಿನ ಹಿಡಿತವನ್ನೋ ಶಂಕಿಸುತ್ತಾರೆ. ದೋಷ ಗಾಯಕನದಲ್ಲ, ಕೊಠಡಿಯದು. ಇದು ಏಕೆ ಹೀಗಾಗುವುದು, ಮನೆಯಲ್ಲಿಯೇ ತಯಾರಿಸಬಹುದಾದ ಸಾಧನಗಳಿಂದ ಇದನ್ನು ಎಷ್ಟರಮಟ್ಟಿಗೆ ಪರಿಹರಿಸಬಹುದು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸುತ್ತೇವೆ.

ವಿಷಯವು ಕ್ಷುಲ್ಲಕವೆಂದು ತೋರಬಹುದು. ಭದ್ರಾವತಿಯ ಆಕಾಶವಾಣಿ ಕೇಂದ್ರವು 1965ರಲ್ಲಿ ಪ್ರಾರಂಭವಾದಂದಿನಿಂದ ಬಹುಕಾಲ ಈ ಸೀಮೆಯ ಗಾಯಕರ, ಗಮಕಿಗಳ, ಜನಪದ ಕಲಾವಿದರ ಧ್ವನಿ ಮುದ್ರಿತವಾಗುತ್ತಿದ್ದುದು ಮುಖ್ಯವಾಗಿ ಶಬ್ದಶಾಸ್ತ್ರವನ್ನರಿತವರು ಸಿದ್ಧಪಡಿಸಿದ ಸ್ಟುಡಿಯೋಗಳಲ್ಲಿ. ಈಗ ಒಂದು ಮೈಕು, ಒಂದು ಗಣಕಯಂತ್ರವಿದ್ದರೆ ಯಾರ ಮನೆಯ ನಡುಕೋಣೆಯಾದರೂ ಸ್ಟುಡಿಯೋ ಆಗುತ್ತದೆ. ಇದು ಸಂತೋಷದ ಸಂಗತಿಯೇ. ಆದರೆ ಮುದ್ರಣಕ್ಕೆ ಕುಳಿತವರು ಮತ್ತೆ ಮತ್ತೆ ದೊರೆಯುವವರಲ್ಲ. ಶಿವಮೊಗ್ಗದ ಸಮೀಪದ ಹೊಸಹಳ್ಳಿಯ ಗಮಕಿ ಎಚ್. ಆರ್. ಕೇಶವಮೂರ್ತಿಯವರು ಪದ್ಮಶ್ರೀ ಪಡೆದ 2022ರಲ್ಲಿಯೇ ತೀರಿಕೊಂಡರು. ಶಿವಮೊಗ್ಗ ಸುಬ್ಬಣ್ಣನವರು ಅಗಲಿದ್ದೂ ಅದೇ ವರ್ಷ. ಅಂಥವರ ಕಂಠವನ್ನು ಮುಂದಿನವರು ಅರಿಯಲು ಉಳಿದಿರುವುದು ಮುದ್ರಣವೊಂದೇ. ಮನೆಯ ಹಿರಿಯರೊಬ್ಬರು ಭಾರತವಾಚನ ಮಾಡಿದ್ದನ್ನು ಮೊಮ್ಮಕ್ಕಳು ಮುದ್ರಿಸಿಕೊಳ್ಳುವಾಗಲೂ ಇದೇ ಮಾತು. ಹಿಸ್ಸೆಂಬ ಗದ್ದಲವನ್ನು ಆಮೇಲೆ ಯಂತ್ರದಿಂದ ಬಹುಮಟ್ಟಿಗೆ ತೆಗೆಯಬಹುದು. ಕೊಠಡಿಯೇ ಸ್ವರಕ್ಕೆ ಸೇರಿಸಿದ ಮೊಳಗನ್ನು ತೆಗೆಯಹೋದರೆ ಸ್ವರವೂ ಅದರೊಡನೆ ಹೋಗುತ್ತದೆ. ಕೊಠಡಿಯು ನುಂಗಿದ ಸ್ವರವಂತೂ ಮರಳಿ ಬಾರದು.

ಹಿಂದಿನವರ ಮನೆಗಳಲ್ಲಿ ಈ ತೊಂದರೆ ಇಷ್ಟಾಗಿ ಕಾಣಲಿಲ್ಲವಲ್ಲ ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಮಲೆನಾಡಿನ ಹಳೆಯ ಮನೆಯ ಮೇಲ್ಛಾವಣಿ ಹೆಂಚಿನದು, ಅದರ ಕೆಳಗೆ ಹಲಗೆಯ ಅಟ್ಟ. ಅಮೆರಿಕೆಯ ಹಾರ್ವರ್ಡಿನಲ್ಲಿ ವ್ಯಾಲೇಸ್ ಸಬೀನ್ ಎಂಬ ಭೌತವಿಜ್ಞಾನಿ 1895ರಲ್ಲಿ ಅನುರಣನದ ಹಾವಳಿಯಿದ್ದ ಉಪನ್ಯಾಸಮಂದಿರವೊಂದರ ಪರೀಕ್ಷೆಗೆ ತೊಡಗಿದಾಗ ರಂಗಮಂದಿರದ ಮೆತ್ತೆಗಳನ್ನು ಹೊತ್ತು ತಂದು ಒಂದೊಂದಾಗಿ ಹಾಸಿ, ಶಬ್ದವು ಅಡಗಲು ಹಿಡಿಯುವ ಕಾಲವನ್ನು ಅಳೆದನು. ಶೋಷಣೆಯನ್ನು ಅಳೆಯಲು ಅವನು ಆರಿಸಿದ ಮಾನವು ತೆರೆದ ಕಿಟಕಿ. ಅದರೊಳಗೆ ಹೋದ ಶಬ್ದ ಹಿಂದಿರುಗದಷ್ಟೆ. ಸಂದುಸಂದುಗಳಿರುವ ಹೆಂಚಿನ ಛಾವಣಿಯು ಮಂದ್ರಸ್ವರಕ್ಕೆ ಬಹುಮಟ್ಟಿಗೆ ತೆರೆದ ಕಿಟಕಿಯೇ. ಅಟ್ಟದ ತೆಳುಹಲಗೆಯಾದರೋ ತಾನೇ ಅದುರಿ ಮಂದ್ರದ ಶಕ್ತಿಯನ್ನು ಸವೆಸುತ್ತದೆ. ಕಾಂಕ್ರೀಟಿಗೆ ಈ ಎರಡು ಗುಣಗಳೂ ಇಲ್ಲ. ಮಳೆಗಾಲದಲ್ಲಿ ಹೆಂಚಿನ ಕೆಳಗೆ ಮುದ್ರಣವೇ ಸಾಧ್ಯವಿಲ್ಲವೆಂಬುದು ಬೇರೆ ಮಾತು.

ಸಬೀನನ ಸೂತ್ರದಂತೆ ನಮ್ಮ ಕೊಠಡಿಯ ಲೆಕ್ಕವನ್ನು ಹಾಕಿನೋಡೋಣ. ಗಾತ್ರ ಸುಮಾರು 34 ಘನಮೀಟರು; ಗೋಡೆ, ನೆಲ, ತಾರಸಿಗಳ ಒಟ್ಟು ವಿಸ್ತೀರ್ಣ 63 ಚದರ ಮೀಟರು. ಗಾರೆ ಬಳಿದ ಗೋಡೆಯು ತನ್ನ ಮೇಲೆ ಬಿದ್ದ ಮಂದ್ರಶಬ್ದದ ನೂರರಲ್ಲಿ ಎರಡು ಪಾಲನ್ನು ಮಾತ್ರ ಹೀರುತ್ತದೆಂದು ಹಿಡಿದರೆ, ಇಡೀ ಕೊಠಡಿಯ ಶೋಷಣೆಯು 1.26 ಚದರ ಮೀಟರಿನ ಒಂದು ತೆರೆದ ಕಿಟಕಿಗೆ ಸಮ. ಗಾತ್ರವನ್ನು 0.161ರಿಂದ ಗುಣಿಸಿ ಇದರಿಂದ ಭಾಗಿಸಿದರೆ ಅನುರಣನಕಾಲ 4.3 ಸೆಕೆಂಡು. ಬಾಗಿಲು, ಕಿಟಕಿ, ಮಂಚ, ಬೀರುಗಳು ಇದನ್ನು ಸಾಕಷ್ಟು ತಗ್ಗಿಸುತ್ತವೆ, ನಿಜ. ಆದರೂ ಮಾತಿಗಾಗಲಿ ಸಂಗೀತಕ್ಕಾಗಲಿ ಚಿಕ್ಕ ಕೊಠಡಿಯಲ್ಲಿ ಅರ್ಧ ಸೆಕೆಂಡೇ ಸಾಕೆನ್ನುವಾಗ ಇದು ವಿಪರೀತವೇ ಸರಿ.

ಇಷ್ಟಾದರೂ ಅನುರಣನಕಾಲವು ಕಥೆಯ ಅರ್ಧ ಮಾತ್ರ. ಧೈವತವೇ ಏಕೆ ಮೊಳಗಬೇಕು? ವಿಜಯಪುರದ ಗೋಲಗುಮ್ಮಟದಲ್ಲಿ ನಿಂತು ಕೂಗಿದವರಿಗೆ ಪ್ರತಿಧ್ವನಿಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ. ಅಲ್ಲಿನ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಶಬ್ದವು ಆಚೆಗೆ ಹೋಗಿ ಮರಳಲು ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ಹೆಚ್ಚು ಕಾಲ ಬೇಕು. ನಮ್ಮ ಕೊಠಡಿಯ 10 ಅಡಿ ಅಗಲವನ್ನು ದಾಟಿ ಮರಳಲು ಶಬ್ದಕ್ಕೆ ಹಿಡಿಯುವ ಕಾಲ ಸೆಕೆಂಡಿನ 57ನೆಯ ಒಂದು ಪಾಲು. ಇಷ್ಟು ಬೇಗ ಮರಳಿದ ಪ್ರತಿಧ್ವನಿಯು ಪ್ರತಿಧ್ವನಿಯಾಗಿ ಉಳಿಯದೆ, ಸೆಕೆಂಡಿಗೆ 57 ಕಂಪನಗಳ ಒಂದು ಸ್ವರವೇ ಆಗಿಬಿಡುತ್ತದೆ. ಆ ಕಂಪನಸಂಖ್ಯೆಯ ಶಬ್ದವನ್ನು ಹೊರಡಿಸಿದರೆ ಹೋಗುವ ತರಂಗವೂ ಬರುವ ತರಂಗವೂ ಹೆಜ್ಜೆಗೂಡಿ ಸ್ಥಾಯೀತರಂಗವೊಂದು ನಿಲ್ಲುತ್ತದೆ: ಗೋಡೆಗಳ ಬಳಿ ಒತ್ತಡದ ಏರಿಳಿತ ಪರಮಾವಧಿ, ನಡುಮಧ್ಯದಲ್ಲಿ ಶೂನ್ಯ. ಕೊಠಡಿಗೆ ಇಂಥ ಸ್ವಂತ ಸ್ವರಗಳು ಅನೇಕ. ಉದ್ದಕ್ಕೆ, ಅಗಲಕ್ಕೆ, ಎತ್ತರಕ್ಕೆ ಒಂದೊಂದು ಮೂಲಸ್ವರ, ಅದರ ಇಮ್ಮಡಿ, ಮುಮ್ಮಡಿ. ಇವಲ್ಲದೆ ನಾಲ್ಕು ಗೋಡೆಗಳನ್ನು ಸುತ್ತುವ, ಆರು ಮೈಗಳನ್ನೂ ತಾಗಿ ಬರುವ ತರಂಗಗಳು.

ಶಬ್ದದ ವೇಗವನ್ನು ನಮ್ಮ ಹವೆಗೆ ಹೊಂದುವಂತೆ ಸೆಕೆಂಡಿಗೆ 345 ಮೀಟರೆಂದು ಇಟ್ಟುಕೊಂಡು ಲೆಕ್ಕ ಹಾಕಿದರೆ, ಕೆಳಗಿನಿಂದ ಮೇಲಕ್ಕೆ ಈ ಕೊಠಡಿಯ ಸ್ವರಗಳು 47, 57, 74, 80, 93, 94 ಎಂದು ಬರುತ್ತವೆ. ಇವುಗಳಲ್ಲಿ 57 ಮತ್ತು 74 ಎರಡೆರಡು ಸಲ ಬರುತ್ತವೆ. ಅಗಲವೂ ಎತ್ತರವೂ ಒಂದೇ ಆಗಿರುವುದರ ಫಲವಿದು. 94ರ ಅನಂತರ ಒಂದು ದೊಡ್ಡ ಖಾಲಿ. ಆಮೇಲೆ 110ರಲ್ಲಿ ಎರಡು, 113ರಲ್ಲಿ ಎರಡು, ಒಟ್ಟು ನಾಲ್ಕು ಸ್ವರಗಳು ಒಂದರ ಮಗ್ಗುಲಲ್ಲೊಂದು ಕಿಕ್ಕಿರಿದಿವೆ. ಈಗ ಗಾಯಕನ ಕಡೆಗೆ ತಿರುಗೋಣ. ಅವನ ಮಂದ್ರಪಂಚಮವು ಷಡ್ಜದ ಮುಕ್ಕಾಲು, ಎಂದರೆ 104. ಅದು ಸರಿಯಾಗಿ ಆ ಖಾಲಿಯಲ್ಲಿ ಬೀಳುತ್ತದೆ. ಅದಕ್ಕೆ ಕೊಠಡಿಯ ಒತ್ತಾಸೆ ಇಲ್ಲ. ಶುದ್ಧ ಧೈವತವು ಷಡ್ಜದ ಐದರಲ್ಲಿ ನಾಲ್ಕು ಪಾಲು, ಎಂದರೆ 111. ಅದು ಸರಿಯಾಗಿ ಆ ನಾಲ್ವರ ಗುಂಪಿನಲ್ಲಿ ಬೀಳುತ್ತದೆ. ಸಂಗೀತವನ್ನು ಹೊಸದಾಗಿ ಕಲಿಯುವ ಪ್ರತಿಯೊಬ್ಬರೂ ಮೊದಲು ಹಾಡುವ ರಾಗದಲ್ಲಿಯೇ ಈ ಧೈವತ ಇರುವುದು ಯೋಗಾಯೋಗ. ಶ್ರುತಿಯನ್ನು ಅರ್ಧ ಮನೆ ಏರಿಸಿದರೆ ಬೇರೊಂದು ಸ್ವರವು ಬಲಿಯಾಗುತ್ತದೆ, ಅಷ್ಟೆ. ವಾಚಕರು ತಮ್ಮ ಕೊಠಡಿಯ ಅಳತೆಯನ್ನೂ ತಮ್ಮ ಶ್ರುತಿಯನ್ನೂ ಹಿಡಿದು ಈ ಲೆಕ್ಕವನ್ನು ಒಮ್ಮೆ ಮಾಡಿನೋಡಲಿ. ವಿದ್ಯಾರ್ಥಿಗಳಿಗೆ ಸ್ಥಾಯೀತರಂಗದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಾಣೆವು.

ಸಾಮಾನ್ಯವಾಗಿ ಜನ ಮಾಡುವ ಪರಿಹಾರವೆಂದರೆ ಗೋಡೆಯ ತುಂಬ ಮೊಟ್ಟೆಯ ತಟ್ಟೆಗಳನ್ನೋ ಒಂದು ಅಂಗುಲ ದಪ್ಪದ ಸ್ಪಂಜಿನ ಹಾಳೆಗಳನ್ನೋ ಅಂಟಿಸುವುದು. ಕಾಗದದ ರಬ್ಬಿನಿಂದಾದ ಮೊಟ್ಟೆಯ ತಟ್ಟೆಯು ಮೊಟ್ಟೆಗೆ ಉತ್ತಮವಾದ ಆಶ್ರಯ. ಶಬ್ದಕ್ಕೆ ಅದರಿಂದಾಗುವ ಉಪಚಾರ ಅತ್ಯಲ್ಪ. ಸ್ಪಂಜು ತಾರಸ್ವರಗಳನ್ನು ಚೆನ್ನಾಗಿಯೇ ಹೀರುತ್ತದೆ. ಕೇಡು ಇರುವುದೇ ಅಲ್ಲಿ. ಮೇಲಿನ ಸ್ವರಗಳೆಲ್ಲ ಅಡಗಿ, ಕೆಳಗಿನವು ಮೊದಲಿನಂತೆಯೇ ಮೊಳಗುತ್ತಿರುವುದರಿಂದ ಧ್ವನಿಯು ಕಂಬಳಿ ಹೊದ್ದು ಮಾತನಾಡಿದಂತೆ ಮಬ್ಬಾಗುತ್ತದೆ. ಅಂಥ ಕೊಠಡಿ ಬರಿಗೋಡೆಯ ಕೊಠಡಿಗಿಂತ ಕೀಳೆಂಬುದೇ ನಮ್ಮ ಅಭಿಪ್ರಾಯ.

ಇದರ ಕಾರಣ ತಿಳಿಯಬೇಕಾದರೆ ನಾರಿನ ಮೆತ್ತೆಯು ಶಬ್ದವನ್ನು ಹೇಗೆ ಹೀರುವುದೆಂಬುದನ್ನು ಗಮನಿಸಬೇಕು. ಗಾಳಿಯ ಕಣಗಳು ಎಳೆಗಳ ನಡುವೆ ಹಿಂದು ಮುಂದಾಗಿ ಓಡಾಡುವಾಗ ಉಜ್ಜಿ, ಚಲನಶಕ್ತಿಯು ಶಾಖವಾಗುತ್ತದೆ. ಕಣಗಳು ಓಡಾಡದ ಕಡೆ ಮೆತ್ತೆಗೆ ಕೆಲಸವಿಲ್ಲ. ಗಟ್ಟಿಗೋಡೆಗೆ ತಾಗಿದ ಗಾಳಿಯು ಓಡಾಡಲಾರದು. ಅಲ್ಲಿ ಒತ್ತಡ ಮಾತ್ರ ಹೆಚ್ಚು. ಓಡಾಟವು ಪರಮಾವಧಿಗೆ ಮುಟ್ಟುವುದು ಗೋಡೆಯಿಂದ ತರಂಗದುದ್ದದ ಕಾಲುಭಾಗ ದೂರದಲ್ಲಿ. ನಮ್ಮ ಧೈವತದ ತರಂಗದುದ್ದ 3.1 ಮೀಟರು, ಕಾಲುಭಾಗವೆಂದರೆ 78 ಸೆಂಟಿಮೀಟರು. ಗೋಡೆಗಂಟಿಸಿದ ಒಂದಂಗುಲದ ಸ್ಪಂಜಿನ ಹೊರಮೈಯಲ್ಲಿಯೂ ಗಾಳಿಯ ಚಲನಶಕ್ತಿಯು ಪರಮಾವಧಿಯ ನಾನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಗೋಡೆಗೋಡೆಗೂ 78 ಸೆಂಟಿಮೀಟರು ದಪ್ಪದ ಮೆತ್ತೆ ಹೊದಿಸಿದರೆ ಗಾಯಕನಿಗೆ ಕೂರಲು ಸ್ಥಳ ಉಳಿಯದು. ಆದುದರಿಂದಲೇ ಮೂಲೆಗಳ ಮೊರೆ ಹೋಗುವುದು.

ಎರಡು ಗೋಡೆಗಳು ಕೂಡುವ ಮೂಲೆಗೆ ಅಡ್ಡವಾಗಿ 2 ಅಡಿ ಅಗಲದ ಚೌಕಟ್ಟನ್ನು ನಿಲ್ಲಿಸಿದೆವೆನ್ನಿ. ಅದರ ಒಂದು ಅಂಚು ಒಂದು ಗೋಡೆಗೆ ತಾಗಿದ್ದರೂ ಇನ್ನೊಂದು ಅಂಚು ಆ ಗೋಡೆಯಿಂದ 17 ಅಂಗುಲ, ಎಂದರೆ 43 ಸೆಂಟಿಮೀಟರು ದೂರ ಇರುತ್ತದೆ. ಅಷ್ಟು ದೂರದಲ್ಲಿ ಧೈವತದ ಚಲನಶಕ್ತಿಯು ಪರಮಾವಧಿಯ ಅರ್ಧಕ್ಕಿಂತ ಹೆಚ್ಚಾಗಿಯೇ ಇದೆ. ಎದುರು ಗೋಡೆಯ ವಿಚಾರದಲ್ಲಿಯೂ ಹೀಗೆಯೇ. ಅಲ್ಲದೆ ಕೊಠಡಿಯ ಸ್ವಂತ ಸ್ವರಗಳೆಲ್ಲವೂ ಮೂಲೆಯಲ್ಲಿ ಬಂದು ಕೂಡುತ್ತವೆ. ನಡುಗೋಡೆಯ ಒಂದೊಂದು ಸ್ಥಳವು ಒಂದೊಂದು ಸ್ವರಕ್ಕೆ ಕಿವುಡು. ಕಡಿಮೆ ಸ್ಥಳದಲ್ಲಿ ಹೆಚ್ಚು ಸ್ವರಗಳನ್ನು ಹಿಡಿಯಲು ಮೂಲೆಯೇ ತಕ್ಕುದು. ಬೇಸ್ ಟ್ರ್ಯಾಪ್ ಎಂದು ಅಂಗಡಿಗಳಲ್ಲಿ ಮಾರುವ, ನಾವಿಲ್ಲಿ ಮಂದ್ರಶೋಷಕವೆಂದು ಕರೆಯುತ್ತಿರುವ ವಸ್ತುವಿನಲ್ಲಿ ಇದಕ್ಕಿಂತ ಹೆಚ್ಚಿನ ರಹಸ್ಯವೇನೂ ಇಲ್ಲ.

ತಯಾರಿಕೆಗೆ ಬಡಗಿಯ ಅರ್ಧ ದಿನದ ಕೆಲಸ ಸಾಕು. 4 ಅಡಿ ಎತ್ತರ, 2 ಅಡಿ ಅಗಲ, 6 ಅಂಗುಲ ಆಳದ ಹಗುರ ಮರದ ಚೌಕಟ್ಟು, ಹಿಂಬದಿಗೆ ಕೋಳಿಬಲೆಯ ತಂತಿ, ಮುಂಬದಿಗೆ ಬಟ್ಟೆ. ಹಿಂದೆ ಹಲಗೆ ಹೊಡೆಯಬಾರದು. ಗಾಳಿ ಹಿಂದಣ ತೆರಪಿಗೂ ಹಾದುಹೋಗಬೇಕು. ಒಂದರ ಮೇಲೊಂದು ಇಟ್ಟರೆ ಒಂದು ಮೂಲೆಗೆ ಎರಡು. ನಾಲ್ಕು ಮೂಲೆಗಳಿಗೆ ಎಂಟು. ಬಟ್ಟೆಯು ಬಾಯಿಗೆ ಹಿಡಿದು ಊದಿದರೆ ಉಸಿರು ದಾಟುವಂಥದಾಗಿರಬೇಕು. ಖಾದಿ, ಗೋಣಿ ಎರಡೂ ಒಪ್ಪುತ್ತವೆ.

ಒಳಗೆ ತುಂಬುವುದೇನನ್ನು? ಸ್ಟುಡಿಯೋಗಳಲ್ಲಿ ಬಳಸುವುದು ಗಾಜಿನ ಉಣ್ಣೆ ಅಥವಾ ಕಲ್ಲುಣ್ಣೆ. ಊದುಕುಲುಮೆಯ ಕಿಟ್ಟವನ್ನು ಕರಗಿಸಿ ಎಳೆಯಾಗಿಸಿದರೂ ಇಂಥ ಉಣ್ಣೆ ದೊರೆಯುತ್ತದೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ ಕೆಲಸಕ್ಕೆ ತೊಡಗಿದ ಭದ್ರಾವತಿಯ ಜನಕ್ಕೆ ಕಿಟ್ಟದ ಪರಿಚಯ ಹೊಸದಲ್ಲ. ಕಲ್ಲುಣ್ಣೆಯು ಸುಡುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಘನಮೀಟರಿಗೆ 50 ಕಿಲೋಗ್ರಾಂ ತೂಗುವಂಥದನ್ನು ಕೊಂಡರೆ ಎಂಟು ಚೌಕಟ್ಟುಗಳಿಗೆ ಸುಮಾರು 45 ಕಿಲೋಗ್ರಾಂ ಹಿಡಿಯುತ್ತದೆ. ಕತ್ತರಿಸುವಾಗ ಎಳೆಗಳು ಚರ್ಮವನ್ನೂ ಗಂಟಲನ್ನೂ ಕೆರಳಿಸುವುದರಿಂದ ಕೈಚೀಲ, ಮುಖಗವಸು ಅಗತ್ಯ. ಗಾಯಕನ ಕೊಠಡಿಯಲ್ಲಂತೂ ಉಣ್ಣೆಯು ನೇಯ್ದ ಬಟ್ಟೆಯೊಳಗೆ ಭದ್ರವಾಗಿ ಮುಚ್ಚಿರಬೇಕು.

ಹಣ ಉಳಿಸಬೇಕೆನ್ನುವವರಿಗೆ ಮನೆಯ ಹಳೆಯ ಹತ್ತಿಹಾಸಿಗೆಯೇ ಉತ್ತಮ. ಹತ್ತಿಯ ಎಳೆ ನಯವಾದುದು. ಅದು ಗಾಳಿಗೆ ಒಡ್ಡುವ ತಡೆ ನಮ್ಮ ಉದ್ದೇಶಕ್ಕೆ ಹೊಂದುತ್ತದೆ. ಹಿಂಜಿ ಹದವಾಗಿ ತುಂಬಬೇಕು, ಗಿಡಿಯಬಾರದು. ಇನ್ನು ಅಡಿಕೆಯ ಸಿಪ್ಪೆ. ಸುಲಿತದ ಕಾಲದಲ್ಲಿ ರಸ್ತೆಯ ಬದಿಯಲ್ಲಿ ಗುಡ್ಡೆಗುಡ್ಡೆಯಾಗಿ ಸುಡುವ ಈ ವಸ್ತುವಿನ ನಾರು ಶಬ್ದಶೋಷಣೆಗೆ ಬರುತ್ತದೆಂಬುದು ನಿಜ. ತೆಂಗಿನ ನಾರೂ ಹಾಗೆಯೇ. ಆದರೆ ಇವುಗಳ ಎಳೆ ಒರಟು. ಗಾಳಿ ಅಡ್ಡಿಯಿಲ್ಲದೆ ಹಾದುಹೋಗುವುದರಿಂದ ಹತ್ತಿಗಿಂತ ಬಿಗಿಯಾಗಿಯೂ ದಪ್ಪವಾಗಿಯೂ ತುಂಬದೆ ಪ್ರಯೋಜನವಿಲ್ಲ. ಸಿಪ್ಪೆಯನ್ನು ಇದ್ದಂತೆಯೇ ತುರುಕಿದವರು ನಿರಾಶರಾಗುತ್ತಾರೆ. ಬಡಿದು ನಾರು ಬಿಡಿಸಿ ಒಣಗಿಸಬೇಕು.

ಒಣಗಿಸುವುದೆಂದೆವು. ನೆರೆಯ ತಾಲ್ಲೂಕಿನಲ್ಲಿಯೇ ಆಗುಂಬೆ ಇರುವ ಜಿಲ್ಲೆಯಲ್ಲಿ ಹತ್ತಿ, ನಾರುಗಳ ನಿಜವಾದ ಶತ್ರು ಜೂನಿನಿಂದ ಸೆಪ್ಟೆಂಬರಿನವರೆಗಿನ ತೇವ. ಹೊರಗೋಡೆಯ ಮೂಲೆಯಲ್ಲಿ ನೀರೊಸರುವ ಮನೆಯಾದರೆ ಶೋಷಕವು ಶಬ್ದಕ್ಕೆ ಮೊದಲು ನೀರನ್ನೇ ಹೀರುತ್ತದೆ. ಬೇಸಗೆಯಲ್ಲಿಯೇ ತುಂಬಿ, ನೆಲದಿಂದ ಎರಡು ಅಂಗುಲ ಎತ್ತರಿಸಿ ನಿಲ್ಲಿಸಿ, ಮಳೆಗಾಲ ಕಳೆದ ಮೇಲೆ ಹಿಂಬದಿಯನ್ನು ಮೂಸಿನೋಡುವುದು ಲೇಸು. ಬಿಳಿಗಾರ, ಬೋರಿಕ್ ಆಮ್ಲಗಳ ದ್ರಾವಣವನ್ನು ಸಿಂಪಡಿಸಿ ಒಣಗಿಸಿದ ನಾರಿಗೆ ಗೆದ್ದಲು, ಬೂಷ್ಟು ಬೇಗ ಹಿಡಿಯವು. ಬೆಂಕಿಯೂ ಬೇಗ ಹರಡದು. ಹರಡದೆಂದರೆ ಹತ್ತುವುದೇ ಇಲ್ಲವೆಂದಲ್ಲ: ವಿದ್ಯುತ್ತಿನ ಪ್ಲಗ್ಗಿರುವ ಮೂಲೆಯಲ್ಲಿ ಹತ್ತಿ ತುಂಬಿದ ಚೌಕಟ್ಟನ್ನು ಇಡಕೂಡದು.

ಎಂಟು ಚೌಕಟ್ಟುಗಳ ವಿಸ್ತೀರ್ಣ 5.9 ಚದರ ಮೀಟರು. ಇವು ಮಂದ್ರಶಬ್ದದ ಹತ್ತರಲ್ಲಿ ಎಂಟು ಪಾಲು ಹೀರಿದರೆ, ಆಗ ಕೊಠಡಿಯ ಒಟ್ಟು ಶೋಷಣೆ 6 ಚದರ ಮೀಟರಾಗಿ, ಅನುರಣನಕಾಲ 4.3ರಿಂದ 0.9 ಸೆಕೆಂಡಿಗೆ ಇಳಿಯುತ್ತದೆ. ಬಿಡಿಸ್ವರಗಳು ಎದ್ದು ಕಾಣುವ ಚಿಕ್ಕ ಕೊಠಡಿಗೆ ಸಬೀನನ ಸೂತ್ರವು ಕಟ್ಟುನಿಟ್ಟಾಗಿ ಅನ್ವಯಿಸದು. ಆದರೂ ದಿಕ್ಕು ತಪ್ಪಲ್ಲ. ಧೈವತದ ಶಿಖರ ತಗ್ಗುವುದಲ್ಲದೆ ಅಗಲವೂ ಆಗುವುದರಿಂದ ಪಕ್ಕದ ಪಂಚಮಕ್ಕೂ ಅದರ ಆಸರೆ ತುಸು ದೊರೆಯುತ್ತದೆ. 47, 57ರ ಸ್ವರಗಳನ್ನು ಈ ಚೌಕಟ್ಟುಗಳು ಹೆಚ್ಚಾಗಿ ಅಲುಗಿಸಲಾರವು. ಕಂಠಕ್ಕೆ ಅವುಗಳ ಗೊಡವೆಯಿಲ್ಲ. ಡೊಳ್ಳು ಮುದ್ರಿಸುವವರು ಬಯಲಿಗೆ ಹೋಗುವುದೇ ಮೇಲು.

ಒಂದೇ ಸ್ವರವು ಹಟ ಹಿಡಿದು ಉಳಿದರೆ ಅದಕ್ಕೆಂದೇ ಶ್ರುತಿಮಾಡಿದ ಶೋಷಕವನ್ನು ಹೂಡಬೇಕಾಗುತ್ತದೆ. ಹಳೆಯ ಅಟ್ಟದ ತತ್ತ್ವವೇ ಇಲ್ಲಿಯೂ. 6 ಮಿಲಿಮೀಟರಿನ ಪ್ಲೈವುಡ್ಡನ್ನು ಗೋಡೆಯಿಂದ 8 ಸೆಂಟಿಮೀಟರು ದೂರದಲ್ಲಿ, ಸುತ್ತಲೂ ಗಾಳಿ ಸೋರದಂತೆ ಪೆಟ್ಟಿಗೆಯಾಗಿ ಬಿಗಿದರೆ ಅದು ಹೆಚ್ಚುಕಡಮೆ 111 ಕಂಪನಗಳಿಗೇ ಅದುರುತ್ತದೆ. ಒಳಗೆ ಹಲಗೆಗೆ ತಾಗದಂತೆ ಸ್ವಲ್ಪ ಹತ್ತಿಯನ್ನು ಹರಡಬೇಕು.

ಇನ್ನೊಂದು ಉಪಾಯ ಕುಂಬಾರನ ಕೈಯಲ್ಲಿದೆ. ಕೊಡದ ಬಾಯಲ್ಲಿರುವ ಗಾಳಿಯೇ ತೂಕ, ಹೊಟ್ಟೆಯಲ್ಲಿರುವ ಗಾಳಿಯೇ ಸ್ಪ್ರಿಂಗು. ಎರಡೂ ಸೇರಿ ಒಂದು ಸ್ವರಕ್ಕೆ ಕುಣಿಯುತ್ತವೆ. ಈ ಬಗೆಯ ಅನುನಾದಕಕ್ಕೆ 19ನೆಯ ಶತಮಾನದ ಹೆಲ್ಮ್‌ಹೋಲ್ಟ್ಸನ ಹೆಸರಿದೆಯಾದರೂ ರೋಮಿನ ವಿಟ್ರೂವಿಯಸನು ರಂಗಮಂದಿರಗಳಲ್ಲಿ ಕಂಚಿನ ಪಾತ್ರೆಗಳನ್ನಿಡುವ ವಿಚಾರವನ್ನು ಕ್ರಿಸ್ತಪೂರ್ವದಲ್ಲಿಯೇ ಬರೆದಿದ್ದಾನೆ; ಯೂರೋಪಿನ ಮಧ್ಯಯುಗದ ಇಗರ್ಜಿಗಳ ಗೋಡೆಗಳಲ್ಲಿ ಮಣ್ಣಿನ ಗಡಿಗೆಗಳನ್ನು ಹುದುಗಿಸಿರುವುದು ಇಂದಿಗೂ ಕಾಣಸಿಗುತ್ತದೆ. 15 ಲೀಟರು ಹಿಡಿಯುವ, 10 ಸೆಂಟಿಮೀಟರು ಬಾಯಗಲದ, ಗಿಡ್ಡ ಕೊರಳಿನ ಗಡಿಗೆಯ ಸ್ವರ ಲೆಕ್ಕದಂತೆ ಸುಮಾರು 130; ಅದೇ ಬಾಯಿಯ 20 ಲೀಟರಿನದಕ್ಕೆ ಸುಮಾರು 113. ಸಂತೆಯಲ್ಲಿ ಗಡಿಗೆಯ ಬಾಯಿಗೆ ಮುಖವೊಡ್ಡಿ ಮೆಲ್ಲನೆ ಗುನುಗುತ್ತ ಶ್ರುತಿಯನ್ನು ಏರಿಳಿಸಿದರೆ ಒಂದು ಸ್ವರಕ್ಕೆ ಗಡಿಗೆಯೇ ಓಗೊಡುತ್ತದೆ. ಬೇಕಾದುದಕ್ಕಿಂತ ಕೆಳಗಿನ ಸ್ವರದ್ದನ್ನು ಕೊಂಡು, ಒಳಗೆ ಮರಳು ಸುರಿಯುತ್ತ ಹೋದರೆ ಗಾತ್ರ ಕುಗ್ಗಿ ಸ್ವರ ಏರುತ್ತದೆ. ನೀರನ್ನೂ ಸುರಿಯಬಹುದು, ಆದರೆ ನಮ್ಮ ಊರುಗಳಲ್ಲಿ ನಿಂತ ನೀರೆಂದರೆ ಸೊಳ್ಳೆಯೆಂದೇ ಅರ್ಥ. ಬಾಯಲ್ಲಿ ತೆಳ್ಳಗೆ ಹತ್ತಿಯನ್ನಿಟ್ಟರೆ ಅದು ಒಂದೇ ಸ್ವರಕ್ಕಲ್ಲದೆ ಅಕ್ಕಪಕ್ಕದವಕ್ಕೂ ಒದಗುತ್ತದೆ. ಹತ್ತಿಯಿಲ್ಲದ ಗಡಿಗೆ ಹೀರಿದ ಶಬ್ದವನ್ನು ತಡವಾಗಿ ಹಿಂದಿರುಗಿಸುವುದೂ ಉಂಟು. ಒಂದೆರಡು ಗಡಿಗೆಗಳಿಂದ ಏನೂ ತಿಳಿಯದು; ಮೂಲೆಗೆ ಐದಾರಾದರೂ ಬೇಕು.

ಈ ಸಾಧನಗಳು ಕೊಠಡಿಯೊಳಗಣ ಶಬ್ದವನ್ನು ಹದಗೊಳಿಸುವುವಲ್ಲದೆ ಹೊರಗಣ ಶಬ್ದವನ್ನು ತಡೆಯವು. ಬೀದಿಯ ಬಸ್ಸು ಮೊದಲಿನಂತೆಯೇ ಕೇಳಿಸುತ್ತದೆ. ಮೈಕಿನಿಂದಾಗುವ ಮೊಳಗನ್ನು ಕೊಠಡಿಯ ತಲೆಗೆ ಕಟ್ಟುವುದೂ ಸಾಮಾನ್ಯವಾದ ತಪ್ಪು: ಒಂದೇ ದಿಕ್ಕಿನ ಶಬ್ದವನ್ನು ಹಿಡಿಯುವ ಮೈಕನ್ನು ಬಾಯಿಗೆ ಗೇಣಿಗಿಂತ ಹತ್ತಿರ ತಂದರೆ ಅದು ತಾನಾಗಿಯೇ ಮಂದ್ರವನ್ನು ಉಬ್ಬಿಸುತ್ತದೆ. ಗೇಣುದೂರದಲ್ಲಿಟ್ಟು ಪರೀಕ್ಷಿಸಿದ ಅನಂತರವೇ ಗೋಡೆಗಳನ್ನು ದೂರಬೇಕು.

ಪರೀಕ್ಷೆಗೆ ಹೆಚ್ಚಿನ ಉಪಕರಣವೇನೂ ಬೇಡ. ರೂಮ್ ಇಕ್ಯು ವಿಝಾರ್ಡ್ ಎಂಬ ತಂತ್ರಾಂಶವು ಉಚಿತವಾಗಿ ದೊರೆಯುತ್ತದೆ. ಸ್ಪೀಕರಿನಿಂದ ಕೆಳಸ್ವರದಿಂದ ಮೇಲುಸ್ವರಕ್ಕೆ ಏರುವ ಶಬ್ದವನ್ನು ಹೊರಡಿಸಿ, ಮೈಕು ಕೇಳಿದ್ದನ್ನು ರೇಖೆಯಾಗಿ ಬರೆದುಕೊಡುತ್ತದೆ. ಅದೂ ಇಲ್ಲದಿದ್ದರೆ ಒಂದು ಒಳ್ಳೆಯ ಸ್ಪೀಕರನ್ನು ಮೂಲೆಯಲ್ಲಿಟ್ಟು, ದೂರವಾಣಿಯಿಂದ 113 ಕಂಪನಗಳ ಸ್ವರವನ್ನು ಸಣ್ಣದಾಗಿ ಹೊರಡಿಸಿ, ಕೊಠಡಿಯ ಅಗಲದುದ್ದಕ್ಕೂ ಮೆಲ್ಲನೆ ನಡೆಯಬೇಕು. ಗೋಡೆಯಿಂದ ಎರಡೂವರೆ ಅಡಿಯಲ್ಲಿ ಸ್ವರ ಕುಗ್ಗುತ್ತದೆ, ನಡುವೆ ಹಿಗ್ಗುತ್ತದೆ, ಏಳೂವರೆ ಅಡಿಯಲ್ಲಿ ಮತ್ತೆ ಕುಗ್ಗುತ್ತದೆ. ಶೋಷಕಗಳನ್ನು ನಿಲ್ಲಿಸಿದ ಮೇಲೆ ಮತ್ತೆ ನಡೆದುನೋಡಿದಾಗ ಈ ಏರಿಳಿತದ ವ್ಯತ್ಯಾಸ ಕಡಮೆಯಾಗಿರಬೇಕು. ಆಗಿಲ್ಲವಾದರೆ ಮೆತ್ತೆ ತೆಳುವಾಯಿತೆಂದೋ, ಹಿಂಬದಿಗೆ ಹಲಗೆ ಬಿದ್ದಿದೆಯೆಂದೋ ತಿಳಿಯಬೇಕು. ಮೈಕಿನ ಸ್ಥಾನವನ್ನೂ ಈ ನಡಿಗೆಯಲ್ಲಿಯೇ ಗೊತ್ತುಮಾಡಿಕೊಳ್ಳುವುದು ಉಚಿತ. ಅಗಲದ ನಟ್ಟನಡುವೆ ಕುಳಿತರೆ ಧೈವತದ ಗುಂಪಿಗೆ ಮೈಯೊಡ್ಡಿದಂತೆ. ಅಲ್ಲಿಂದ ಒಂದಡಿ, ಒಂದೂವರೆ ಅಡಿ ಸರಿದು, ಗಾಯಕನಿಂದ ಧೈವತ-ಪಂಚಮಗಳನ್ನು ಒಂದೇ ಉಸಿರಿನಲ್ಲಿ ಹಾಡಿಸಿ, ಎರಡೂ ಸಮವಾಗಿ ಕೇಳಿದ ಸ್ಥಳದಲ್ಲಿ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಂಡು, ಕಿಟಕಿ ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.